ಕಂಬಳಿಯ ಕೆಳಗಿನ ಕಾಗದ

ಮೊಮ್ಮಗಳ ಶಾಲೆಯ ಲಂಗದ ನೆರಿಗೆಗಳನ್ನು ಒಂದೊಂದಾಗಿ ಕೂಡಿಸಿ ಇಸ್ತ್ರಿ ಒತ್ತುತ್ತಿದ್ದೆ. ಒಂಬತ್ತನೆಯ ನೆರಿಗೆಗೆ ಬಂದಾಗ ಅವಳು ಮೇಜಿಗೆ ಗದ್ದ ಊರಿ ನಿಂತಳು.

"ಅಜ್ಜಿ, ಜಡ್ಜು ನನ್ನನ್ನೂ ಕೇಳ್ತಾರಂತೆ. ಇವರು ನಿನ್ನ ಅಪ್ಪ ಆಗೋದು ಇಷ್ಟನಾ ಅಂತ."

"ಏನಂತೀಯ?"

"ಆಗಲೇ ಅಪ್ಪ ಆಗಿದ್ದಾರಲ್ಲ, ಇನ್ನು ಆಗೋದೇನು ಬಂತು ಅಂತೀನಿ."

ನಕ್ಕೆ. ಲಂಗದ ಕೆಳಗೆ ಮಡಿಸಿದ ಕಂಬಳಿ, ಕಂಬಳಿಯ ಕೆಳಗೆ ಮೂರು ವಾರದಿಂದ ಬಚ್ಚಿಟ್ಟ ಕಾಗದ. ದಿನಾ ಅದರ ಮೇಲೇ ಇಸ್ತ್ರಿ ಓಡಿಸುತ್ತಿದ್ದೆ.

ಕಾಗದ ನನ್ನ ಮಗನಿಗೆ. ಈ ಹುಡುಗಿಯನ್ನು ಹುಟ್ಟಿಸಿದವನು ಅವನು. ಅವಳಿಗೆ ಎರಡು ವರ್ಷವಾದಾಗ ಮನೆ ಬಿಟ್ಟ. ಸೊಸೆ ನನ್ನನ್ನು ಬಿಡಲಿಲ್ಲ. ವಿಚ್ಛೇದನವಾಗಿ, ಸೈಕಲ್ ರಿಪೇರಿಯವನು ಮದುವೆಯ ಮಾತೆತ್ತಿದಾಗ, "ಅತ್ತೆ ನನ್ನ ಜೊತೆಗೇ ಇರ್ತಾರೆ" ಎಂದು ಮೊದಲೇ ಹೇಳಿದಳು. "ಇರಲಿ, ನಂಗೂ ಅಮ್ಮ ಇಲ್ಲ" ಎಂದನಂತೆ.

ಹೋದ ವರ್ಷ ಹುಡುಗಿ ಕೈ ಮುರಿದುಕೊಂಡಾಗ ಆಸ್ಪತ್ರೆಯ ಫಾರಂಗೆ ಅಪ್ಪ ಎಂದು ಸೈಕಲ್‌ನವನು ಸಹಿ ಹಾಕಿದ. ಕೌಂಟರಿನವಳು ಅದಕ್ಕೆ ಗೀಟು ಹೊಡೆದು, "ಮಲತಂದೆ ಸಹಿ ನಡೆಯಲ್ಲ" ಎಂದಳು. ಸೊಸೆ ಕೆಲಸದಿಂದ ಓಡಿ ಬರುವ ತನಕ ಮಗು ಬೆಂಚಿನ ಮೇಲೆ ನರಳುತ್ತ ಕೂತಿತ್ತು. ದತ್ತಿನ ಮಾತು ಹುಟ್ಟಿದ್ದು ಅಂದೇ.

ವಕೀಲಮ್ಮ ಬೆರಳು ಮಡಿಸಿದರು: ತಾಯಿಯ ಒಪ್ಪಿಗೆ, ಮಗುವಿನ ಒಪ್ಪಿಗೆ, ಹೆತ್ತ ತಂದೆಯ ಒಪ್ಪಿಗೆ. "ಅವರು ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ ಅಂದ್ರೆ ಪೇಪರಲ್ಲಿ ಹಾಕಿಸೋಣ. ಗೊತ್ತಿಲ್ಲ ಅಂತ ಅವರ ಅಮ್ಮ ಪ್ರಮಾಣಪತ್ರಕ್ಕೆ ಸಹಿ ಹಾಕ್ಬೇಕು. ದತ್ತು ಆದ್ಮೇಲೆ ಆ ಕಡೆ ಸಂಬಂಧ ಕಾನೂನಲ್ಲಿ ಮುಗೀತು."

ಆ ಕಡೆ ಎಂದರೆ ನಾನು. ಕೋಣೆಯಲ್ಲಿ ಬೇರೆ ಯಾರಿಗೂ ಅದು ಹೊಳೆದಂತೆ ಕಾಣಲಿಲ್ಲ.

ಮಗನ ವಿಳಾಸ ನನಗೆ ಗೊತ್ತಿತ್ತು. ಹೋಗುವ ಮುಂಚೆ ನನ್ನನ್ನು ರಾತ್ರಿ ಶಾಲೆಗೆ ಸೇರಿಸಿದವನೂ ಅವನೇ. ಶಾಲೆಯ ವಿಳಾಸಕ್ಕೇ ಬರೆಯುತ್ತಿದ್ದ: "ನಾನಿಲ್ಲಿರೋದು ಯಾರಿಗೂ ಹೇಳಬೇಡಮ್ಮ." ನಾನು ಬದುಕಿನಲ್ಲಿ ಓದಿದ ಮೊದಲ ಪತ್ರ ಅದು. ಹೆಬ್ಬೆಟ್ಟಿನವಳೇ ಆಗಿದ್ದರೆ ಪ್ರಮಾಣಪತ್ರಕ್ಕೂ ಒತ್ತಿಬಿಡುತ್ತಿದ್ದೆನೇನೋ. ಏನು ಮಾಡಲಿ, ಓದಲು ಬಂದುಬಿಟ್ಟಿತ್ತು. ಕನ್ನಡಕದ ನೆಪ ಹೇಳಿ ಕಡತವನ್ನು ಮನೆಗೆ ತಂದೆ. ಅದರಲ್ಲಿದ್ದ ತಂದೆಯ ಒಪ್ಪಿಗೆಯ ಫಾರಂ ಜೊತೆ ಮಗನಿಗೆ ನಾಲ್ಕು ಸಾಲು ಬರೆದು ಲಕೋಟೆ ಅಂಟಿಸಿದೆ. ಕಳಿಸಿದರೆ ಮೊಮ್ಮಗಳು ಕಾಗದದಲ್ಲಿ ನನ್ನವಳಲ್ಲ. ಕಳಿಸದೆ ಸಹಿ ಹಾಕಿದರೆ ಜೊತೆಗೆ ಸುಳ್ಳು ಪ್ರಮಾಣವೂ. ಕೈ ಏಳಲಿಲ್ಲ.

ಸೈಕಲ್‌ನವನು ಅಂಗಡಿಯಿಂದ ಬಂದ. ಗ್ರೀಸ್ ಮೆತ್ತಿದ ಕೈಗಳನ್ನು ಲಂಗಕ್ಕೆ ತಾಗದಂತೆ ಹಿಂದೆ ಕಟ್ಟಿಕೊಂಡ.

"ಅಮ್ಮ, ನಾಳೆ ಕೊನೇ ದಿನ. ಸಹಿ ಆಯ್ತಾ?"

ನಾನು ಹತ್ತನೆಯ ನೆರಿಗೆ ಕೂಡಿಸಿದೆ.

"ನಿಮಗೆ ಬೇಡ ಅನ್ಸಿದ್ರೆ ಬಿಟ್ಬಿಡೋಣಮ್ಮ. ಕಾಗದ ಇಲ್ದಿದ್ರೆ ನಾನೇನು ಓಡಿಹೋಗ್ತೀನಾ?"

ಅವನು ಗದರಿದ್ದರೆ ತಡೆದುಕೊಳ್ಳುತ್ತಿದ್ದೆ.

"ಅವನೆಲ್ಲಿದ್ದಾನೆ ಅಂತ ನಂಗೊತ್ತು ಕಣಪ್ಪಾ."

ಅವನು ತುಂಬ ಹೊತ್ತು ಕೈ ಒರೆಸಿಕೊಂಡ. ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ಸೊಸೆ ಒಂದೇ ಮಾತು ಕೇಳಿದಳು: "ಎಂಟು ವರ್ಷ, ಅತ್ತೆ?" ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದಳು. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು. ನಾನು ಕಂಬಳಿ ಎತ್ತಿ ಲಕೋಟೆಯನ್ನು ಅವನ ಮುಂದಿಟ್ಟೆ.

"ಇನ್ನೊಂದು ತಾರೀಕು ಕೇಳೋಣ," ಎಂದ ಅವನು ಮೆಲ್ಲಗೆ. "ಅಂಚೆ ಕಚೇರಿ ನಾಲ್ಕಕ್ಕೆ ಮುಚ್ಚುತ್ತೆ."

ಮೊಮ್ಮಗಳು ನನ್ನ ಕೈ ಹಿಡಿದು ಬಂದಳು. ಗುಮಾಸ್ತ ಲಕೋಟೆಯನ್ನು ಮೂಸಿದ. ಅಂಚುಗಳು ಕಂದು ಬಣ್ಣಕ್ಕೆ ತಿರುಗಿದ್ದವು.

"ಏನಜ್ಜಿ, ಕಾಗದ ಹುರ್ಕೊಂಡು ತಂದಿದ್ದೀರಾ?"

"ಹಸಿಯಾಗಿತ್ತಪ್ಪ."

ರಿಜಿಸ್ಟರ್ಡ್ ಚೀಟಿಯಲ್ಲಿ ಕಳಿಸುವವರ ಹೆಸರನ್ನು ನಾನೇ ಬರೆದೆ. ಕೊನೆಯ ಅಕ್ಷರ ಗೆರೆ ದಾಟಿತು.

"ಮನಸ್ಸು ಬದಲಾದ್ರೆ ವಾಪಸ್ ಕೊಡ್ತೀರಾ?"

"ಮುದ್ರೆ ಬೀಳೋ ತನಕ ಕೊಡ್ತೀನಿ," ಎಂದು ಅವನು ಮುದ್ರೆ ಎತ್ತಿ ಹಿಡಿದು ನನ್ನ ಮುಖ ನೋಡಿದ.

ಕೌಂಟರಿನಾಚೆ ನೋಡಲು ಮೊಮ್ಮಗಳು ತುದಿಗಾಲಲ್ಲಿ ನಿಂತಿದ್ದಳು.

"ಹಾಕಪ್ಪ," ಎಂದೆ.