ಅಣ್ಣನ ಚಪ್ಪಾಳೆ

ಮನೆಯವರು ಅವಳನ್ನು ಗುಬ್ಬಿ ಎಂದು ಕರೆಯುತ್ತಿದ್ದರು. ಐವತ್ತು ದಾಟಿದ ಹೆಂಗಸನ್ನು ಹಾಗೆ ಕರೆಯುವವರು ಈಗ ಇಬ್ಬರೇ ಉಳಿದಿದ್ದರು, ದೂರದ ಊರಿನಲ್ಲಿದ್ದ ಅಣ್ಣ ಮತ್ತು ಅತ್ತಿಗೆ. ಕೆಲಸದ ಜಾಗದಲ್ಲಿ ಅವಳು ಹಲ್ಲಕ್ಕ. ದಂತವೈದ್ಯರು ಕಳಿಸುವ ಅಚ್ಚು ನೋಡಿ ಕಟ್ಟುಹಲ್ಲು ಮಾಡಿಕೊಡುವ ಲ್ಯಾಬಿನಲ್ಲಿ, ಹಿಂದಿನ ಕೋಣೆಯ ಕಿಟಕಿಯ ಪಕ್ಕ ಅವಳ ಮೇಜು. ಮೇಣದಲ್ಲಿ ಹಲ್ಲು ಕೂರಿಸುವುದು, ಒಸಡಿನ ಬಣ್ಣ ಹೊಂದಿಸುವುದು, ಕೊನೆಗೆ ತಿರುಗುವ ಚಕ್ರಕ್ಕೆ ಹಿಡಿದು ಹೊಳಪು ಕೊಡುವುದು. ದಿನವಿಡೀ ಇಷ್ಟು ಬಾಯಿಗಳ ನಡುವೆ ಕೂತಿದ್ದೀನಿ, ಒಂದೂ ಮಾತಾಡಲ್ಲ ನೋಡು ಎಂದು ತಮಾಷೆ ಮಾಡುತ್ತಿದ್ದಳು. ಅದಕ್ಕೆ ನಗುತ್ತಿದ್ದ ಜೊತೆಗಾತಿ ಕೆಲಸ ಬಿಟ್ಟು ಹೋದ ಮೇಲೆ ಆ ತಮಾಷೆಯೂ ನಿಂತಿತು.

ಅಣ್ಣನ ಎದೆಯ ಆಪರೇಷನ್ ಆದಾಗ ಅತ್ತಿಗೆ ಎರಡು ಫಿಟ್‌ನೆಸ್ ಬ್ಯಾಂಡ್ ತರಿಸಿದ್ದಳು. ಒಂದು ಅಣ್ಣನ ಕೈಗೆ, ಇನ್ನೊಂದನ್ನು ಗುಬ್ಬಿಗೆ ಕಳಿಸಿದಳು. ಯಾರು ಎಷ್ಟು ನಡೆದರೆಂದು ಬ್ಯಾಂಡ್ ಲೆಕ್ಕ ಇಟ್ಟು ಫೋನಿನ ಆ್ಯಪಿಗೆ ಕೊಡುತ್ತದೆ. ಇವಳು ನಡೆದದ್ದು ಅವನಿಗೆ ಕಾಣುತ್ತದೆ, ಅವನು ನಡೆದದ್ದು ಇವಳಿಗೆ. ಮೆಚ್ಚಿಗೆಯಾದರೆ ಚಪ್ಪಾಳೆಯ ಚಿತ್ರ ಒತ್ತಬಹುದು. ಆಗ ಇನ್ನೊಬ್ಬರ ಕೈಯಲ್ಲಿ ಬ್ಯಾಂಡ್ ಗುಂಯ್ ಎಂದು ಅದುರುತ್ತದೆ.

ಅಣ್ಣ ಫೋನಿನಲ್ಲಿ ಮಾತಾಡುವ ಆಸಾಮಿಯೇ ಅಲ್ಲ. "ಹೂಂ, ಸರಿ, ಇಡ್ತೀನಿ" ಎಂದರೆ ಅವನ ಸಂಭಾಷಣೆ ಮುಗಿಯಿತು. ಅಂಥವನು ದಿನವೂ ಸಂಜೆ ಚಪ್ಪಾಳೆ ತಟ್ಟತೊಡಗಿದ. ಲ್ಯಾಬಿನಿಂದ ಮನೆಗೆ ಹೊರಟವಳು ಬಸ್ಸು ಬಿಟ್ಟು, ಬೇಕೆಂದೇ ಸುತ್ತುದಾರಿ ಹಿಡಿದು, ಕೆರೆಯ ಬೇಲಿಯ ಉದ್ದಕ್ಕೂ ನಡೆಯುತ್ತಿದ್ದಳು. ಮನೆಯ ಬೀಗ ತೆಗೆಯುವ ಹೊತ್ತಿಗೆ ಮಣಿಕಟ್ಟಿನಲ್ಲಿ ಗುಂಯ್. ಇಡೀ ದಿನದಲ್ಲಿ ಯಾರಾದರೂ ಅವಳನ್ನು ಮುಟ್ಟಿದರು ಎನ್ನುವುದಾದರೆ ಅದೇ. ಅವಳೂ ಚಪ್ಪಾಳೆ ಒತ್ತಿ ದೀಪ ಹಾಕುತ್ತಿದ್ದಳು.

ಒಂದು ದಿನ ಅವಳ ಫೋನು ಅಚ್ಚಿನ ಪುಡಿ ಕಲಸುವ ಬಕೆಟ್ಟಿಗೆ ಬಿತ್ತು. ಹೊಸ ಫೋನು ಕೊಂಡಳು. ಅಂಗಡಿಯವನು ತನ್ನ ವೈಫೈನಲ್ಲಿ ಹಳೆಯ ಆ್ಯಪ್‌ಗಳನ್ನೆಲ್ಲ ಹಾಕಿ, ಬ್ಯಾಂಡನ್ನೂ ಜೋಡಿಸಿ ಕೊಟ್ಟ. ಮನೆಗೆ ಬಂದು ತೆರೆದರೆ ಒಂದೊಂದು ಆ್ಯಪೂ ಪ್ರಶ್ನೆ ಕೇಳುತ್ತಿತ್ತು. ನೀವು ಎಲ್ಲಿದ್ದೀರೆಂದು ತಿಳಿಯಬಹುದೇ? ಬೇಡ. ನೋಟಿಫಿಕೇಶನ್ ಕಳಿಸಬಹುದೇ? ಬೇಡ. ನೀವು ಬಳಸದಿದ್ದಾಗಲೂ ನಡೆಯುತ್ತಿರಬಹುದೇ? ಬೇಡ. ಮೊಬೈಲ್ ಡೇಟಾ ಬಳಸಬಹುದೇ? ಬೇಡ. ಬ್ಯಾಟರಿ ತಿನ್ನುತ್ತದೆಂದು ಬ್ಲೂಟೂತನ್ನೂ ಆರಿಸಿದಳು. ಒಂಟಿಯಾಗಿ ಇರುವವಳು, ಬಾಗಿಲು ಬಡಿದವರಿಗೂ ಒಳಗಿನಿಂದಲೇ ಯಾರು ಎಂದು ಕೇಳಿ ಅಭ್ಯಾಸ.

ಅಂದಿನಿಂದ ಚಪ್ಪಾಳೆ ನಿಂತಿತು. ಆ್ಯಪ್ ತೆರೆದು ನೋಡಿದರೆ ಅಣ್ಣನ ಹೆಸರಿನ ಮುಂದೆ ಬರೀ ಒಂದು ಅಡ್ಡಗೆರೆ.

ಮೊದಲು ಅವನಿಗೆ ಹುಷಾರಿಲ್ಲವೇನೋ ಅಂದುಕೊಂಡಳು. ಹಾಗಿದ್ದರೆ ಅತ್ತಿಗೆ ಫೋನ್ ಮಾಡುತ್ತಿದ್ದಳು. ಆಮೇಲೆ ಕೋಪ ಇರಬೇಕು ಅನ್ನಿಸಿತು. ಹಿಂದಿನ ಸಲ ಮಾತಾಡಿದಾಗ, "ಡಾಕ್ಟರು ಹೇಳಿದ್ದು ಕೇಳು, ಹಟ ಮಾಡಬೇಡ" ಅಂದಿದ್ದಳು. ಆ ಮಾತನ್ನು ಹಲ್ಲು ಉಜ್ಜುತ್ತಾ, ಉಗುರು ಕತ್ತರಿಸುತ್ತಾ, ಲ್ಯಾಬಿನ ಚಕ್ರದ ಸದ್ದಿನಲ್ಲಿ ಮತ್ತೆ ಮತ್ತೆ ತಿರುವಿ ಹಾಕಿದಳು. ತಪ್ಪೇನೂ ಕಾಣಲಿಲ್ಲ, ಸಮಾಧಾನವೂ ಆಗಲಿಲ್ಲ. ತಾನಾಗಿ ಫೋನ್ ಮಾಡಲು ಬಿಗುಮಾನ. ಕೆರೆಯ ದಾರಿ ಬಿಟ್ಟು ಮತ್ತೆ ಬಸ್ಸು ಹತ್ತತೊಡಗಿದಳು.

ಹೀಗೇ ವಾರಗಳು ಕಳೆದವು. ಒಂದು ಭಾನುವಾರ ಬೆಳಿಗ್ಗೆ ಬಟ್ಟೆ ಒಣಹಾಕಿ ಬಂದವಳು ಕೈ ಒರೆಸಿಕೊಳ್ಳದೇ ಅಣ್ಣನ ನಂಬರು ಒತ್ತಿದಳು. ಎತ್ತಿದ್ದು ಅತ್ತಿಗೆ.

"ಅತ್ತಿಗೆ, ಅಣ್ಣನಿಗೆ ನನ್ನ ಮೇಲೆ ಕೋಪಾನಾ?"

"ನಿನಗೆ ಕೋಪ ಅಂತ ನಾನು ಅಂದ್ಕೊಂಡಿದ್ದೆ," ಎಂದಳು ಅತ್ತಿಗೆ. "ಇಲ್ಲಿಂದ ದಿನಾ ಚಪ್ಪಾಳೆ ಹೋಗ್ತಾ ಇದ್ರೂ ನೀನು ತಿರುಗಿ ಒಂದೂ ಕಳಿಸಿಲ್ಲ. ನಡೆದದ್ದೂ ಕಾಣಿಸ್ತಿಲ್ಲ."

"ದಿನಾ ಹೋಗ್ತಾ ಇದ್ಯಾ? ನನಗೆ ಒಂದೂ ಬಂದಿಲ್ಲ."

"ಹಾಗಾದ್ರೆ ಫೋನಿನದ್ದೇ ಏನೋ ಕಿತಾಪತಿ. ಸ್ಪೀಕರ್‌ಗೆ ಹಾಕು. ಸೆಟ್ಟಿಂಗ್ಸ್ ತೆಗಿ."

ಈ ಅತ್ತಿಗೆಯ ಜೊತೆ ಗುಬ್ಬಿಗೆ ಎಂದೂ ಸಲುಗೆ ಇರಲಿಲ್ಲ. ಬಂದ ಹೊಸದರಲ್ಲಿ ಅಡುಗೆಮನೆಯ ಡಬ್ಬಿಗಳ ಜಾಗ ಬದಲಾಯಿಸಿದ್ದಕ್ಕೆ ಶುರುವಾದ ಮುನಿಸು, ಬೇರೆ ಯಾವ ಕಾರಣವೂ ಇಲ್ಲದೆ ಇಷ್ಟು ವರ್ಷ ಬಾಳಿಕೆ ಬಂದಿತ್ತು. ಈಗ ಅದೇ ಅತ್ತಿಗೆ, ಮಗುವಿಗೆ ಶರ್ಟಿನ ಗುಂಡಿ ಹಾಕುವುದನ್ನು ಕಲಿಸುವಂತೆ, ಒಂದೊಂದೇ ಹೇಳುತ್ತಿದ್ದಳು.

"ಆ್ಯಪ್‌ಗಳು ಅಂತ ಇರುತ್ತೆ, ಒತ್ತು. ನಮ್ಮದು ಹುಡುಕು. ಸಿಕ್ತಾ? ಅನುಮತಿ ಅಂತ ಇದೆಯಲ್ಲ, ಅದರಲ್ಲಿ ಏನೇನಿದೆ ಓದು."

ಗುಬ್ಬಿ ಕನ್ನಡಕ ಏರಿಸಿ ಓದಿದಳು.

"ಅಯ್ಯೋ, ಎಲ್ಲಕ್ಕೂ ಬೇಡ ಅಂದಿದೀಯಲ್ಲೇ. ಪಾಪ, ಅದು ತಾನೇ ಏನು ಮಾಡುತ್ತೆ. ಒಂದೊಂದಕ್ಕೂ ಹೂಂ ಅನ್ನು. ಡೇಟಾಕ್ಕೂ ಅನ್ನು. ಈಗ ಬ್ಯಾಟರಿ. ಅಲ್ಲಿ ನಿರ್ಬಂಧ ಅಂತ ಇದ್ರೆ ತೆಗಿ. ಬ್ಲೂಟೂತ್ ಹಾಕು. ಬಾಗಿಲು ತೆಗೆದ ಹಾಗೆ ಅಷ್ಟೇ, ಹೆದರಬೇಡ."

"ಹೆದರಿಕೆ ಏನಿಲ್ಲ," ಎಂದಳು ಗುಬ್ಬಿ. ಬೆರಳು ಮಾತ್ರ ತಡೆದು ತಡೆದು ಮುಂದೆ ಹೋಗುತ್ತಿತ್ತು.

ಪರದೆಯ ಮೇಲೆ ಒಂದು ಚಕ್ರ ಸುತ್ತಿತು. ಮರುಕ್ಷಣ ಕೈಯಲ್ಲಿ ಬ್ಯಾಂಡ್ ಅದುರಿತು, ನಿಂತಿತು, ಮತ್ತೆ ಅದುರಿತು. ತಡೆದಿಟ್ಟಿದ್ದ ಚಪ್ಪಾಳೆಗಳೆಲ್ಲ ಒಂದರ ಹಿಂದೆ ಒಂದು ಬಂದವು. ಅಡ್ಡಗೆರೆ ಇದ್ದಲ್ಲಿ ಅಣ್ಣ ನಡೆದ ದಿನಗಳೆಲ್ಲ ಸಾಲಾಗಿ ನಿಂತವು. ಒಂದು ದಿನವೂ ತಪ್ಪಿಸಿರಲಿಲ್ಲ.

"ಬಂತಾ?" ಅತ್ತಿಗೆ ಕೇಳಿದಳು. "ನೀನೊಂದು ಕಳಿಸಿ ನೋಡು, ಹೋಗುತ್ತಾ ಅಂತ."

ಗುಬ್ಬಿ ಚಿತ್ರ ಒತ್ತಿದಳು.

"ಹಾಂ, ಗುಂಯ್ ಅಂತು, ಬಂತು ಬಂತು," ಎಂದಳು ಅತ್ತಿಗೆ. ಅದೇ ಹೊತ್ತಿಗೆ ಆ ಮನೆಯ ದೂರದ ಕೋಣೆಯಿಂದ ಅಣ್ಣನ ದನಿ ಕೇಳಿಸಿತು. ಟೀವಿಯ ರಿಮೋಟ್ ಎಲ್ಲಿ ಎಂದು ಕೇಳುತ್ತಿದ್ದ.

ಗುಬ್ಬಿ ಕೈಯಲ್ಲಿದ್ದ ಫೋನನ್ನು ನೋಡುತ್ತಾ ಕೂತಳು. "ಅತ್ತಿಗೆ," ಎಂದಳು ನಿಧಾನವಾಗಿ, "ಬ್ಯಾಂಡ್ ನಿಮ್ಮ ಕೈಯಲ್ಲಿದೆಯಾ?"

"ಹೂಂ."

"ಯಾವಾಗಿನಿಂದ?"

"ಆಸ್ಪತ್ರೆಯಿಂದ ಬಂದ ಮಾರನೇ ದಿನದಿಂದ. ಕೈಗೆ ಕೋಳ ಹಾಕ್ತೀಯಾ ಅಂತ ಕಿತ್ತು ಮೇಜಿನ ಮೇಲೆ ಬಿಸಾಕಿದ್ರು. ಅವರು ಎಲ್ಲೂ ನಡೆಯಲ್ಲ ಗುಬ್ಬಿ. ಆ ಕುರ್ಚಿ ಬಿಟ್ಟು ಏಳಲ್ಲ. ಮಾತೂ ಅಷ್ಟಕ್ಕಷ್ಟೇ. ನೀನು ಗಾಬರಿ ಆಗ್ತೀಯ ಅಂತ ಒಂದೆರಡು ದಿನ ನಾನು ಕಟ್ಟಿಕೊಂಡು ನಡೆದೆ. ಆಮೇಲೆ..." ಅತ್ತಿಗೆ ಅಲ್ಲಿಗೇ ನಿಲ್ಲಿಸಿದಳು. "ಆಮೇಲೆ ನನಗೂ ಮನೆಯಿಂದ ಹೊರಗೆ ಹೋಗೋಕೆ ಒಂದು ನೆಪ ಸಿಕ್ತು," ಎಂದಳು.

"ಅಣ್ಣನಿಗೆ ಕೊಡಿ ಫೋನು."

ಅಣ್ಣ ಫೋನಿಗೆ ಬಂದ. "ಏನು ಗುಬ್ಬಿ, ಹಲ್ಲೆಲ್ಲ ಚೆನ್ನಾಗಿ ಕಚ್ತಿದಾವಾ?" ಅವನ ಹಳೆಯ ತಮಾಷೆ, ಆದರೆ ಬೇರೆ ಯಾರೋ ಬರೆದುಕೊಟ್ಟದ್ದನ್ನು ಓದಿದಂತಿತ್ತು. ಅವಳು ಉತ್ತರ ಹುಡುಕುವಷ್ಟರಲ್ಲಿ, "ಸರಿ, ಇಡ್ತೀನಿ" ಎಂದು ಫೋನನ್ನು ಹೆಂಡತಿಯ ಕೈಗಿತ್ತ. ಗುಬ್ಬಿ ಕರೆ ಮುಗಿಸಿದಳು.

ಅಂದು ಅವಳು ಊಟ ಮಾಡಲಿಲ್ಲ. ಸಂಜೆಗಳಲ್ಲಿ ಕೆರೆಯ ಪಕ್ಕ ನಡೆಯುವಾಗ ಅವಳು ಮನಸ್ಸಿನಲ್ಲೇ ಅಣ್ಣನೊಡನೆ ಎಷ್ಟೊಂದು ಮಾತಾಡಿದ್ದಳು. ಅವನೂ ತನ್ನೂರಿನ ಯಾವುದೋ ದಾರಿಯಲ್ಲಿ, ಉದ್ದ ಹೆಜ್ಜೆ ಹಾಕುತ್ತಾ ಕೇಳಿಸಿಕೊಳ್ಳುತ್ತಿದ್ದಾನೆ ಅಂದುಕೊಂಡಿದ್ದಳು. ಆ ದಾರಿಯಲ್ಲಿ ಅವನು ಇರಲೇ ಇಲ್ಲ. ಮೋಸ ಹೋದೆ ಅನ್ನಿಸಿ ಸಿಟ್ಟು ಬಂತು, ಆದರೆ ಆ ಸಿಟ್ಟನ್ನು ಯಾರ ಮೇಲೆ ಹಾಕುವುದೆಂದು ತಿಳಿಯಲಿಲ್ಲ. ಸೆಟ್ಟಿಂಗ್ಸ್ ಈಗ ಅವಳಿಗೆ ಅಂಗೈ ಗೆರೆಯಷ್ಟು ಪರಿಚಯ. ಒಳಗೆ ಹೋಗಿ, ನಡೆದದ್ದನ್ನು ಹಂಚಿಕೊಳ್ಳುವುದನ್ನೇ ನಿಲ್ಲಿಸಿಬಿಟ್ಟಳು. ಈ ಸಲ ತಿಳಿದೇ ಮಾಡಿದ್ದು.

ಮೂರ್ನಾಲ್ಕು ದಿನ ಬಿಟ್ಟು ಲ್ಯಾಬಿನಲ್ಲಿದ್ದಾಗ ಫೋನ್ ಬಂತು. ಅತ್ತಿಗೆಯ ಸ್ವಂತ ನಂಬರಿನಿಂದ, ಮೊದಲ ಸಲ.

"ಹಂಚೋದು ನಿಲ್ಲಿಸಿದೀಯ," ಎಂದಳು ಅತ್ತಿಗೆ. "ನಿಲ್ಲಿಸು, ನಿನ್ನಿಷ್ಟ. ನಾನು ನಿನಗೆ ಸುಳ್ಳು ಹೇಳಿದ್ದು ಹೌದು. ಆದ್ರೆ ಗುಬ್ಬಿ, ಈ ಮನೇಲಿ ದಿನಕ್ಕೊಂದು ಸಲ ನನಗೆ ಅಂತ ಏನಾದ್ರೂ ಬರ್ತಿತ್ತು ಅಂದ್ರೆ ನಿನ್ನ ಆ ಚಪ್ಪಾಳೆ ಒಂದೇ. ಅದೂ ನನ್ನ ಹೆಸರಿಗಲ್ಲ, ಗೊತ್ತು."

ಗುಬ್ಬಿ ಮೇಜಿನ ಮೇಲಿದ್ದ ಮೇಣದ ತುಂಡನ್ನು ಹಿಚುಕುತ್ತಾ ಕೂತಿದ್ದಳು. "ನಿಮ್ಮ ಹೆಸರಲ್ಲಿ ಒಂದು ಖಾತೆ ತೆಗೀರಿ ಅತ್ತಿಗೆ," ಎಂದಳು ಕೊನೆಗೆ. "ಅವನದ್ದೂ ಇರಲಿ, ಅಳಿಸಬೇಡಿ."

ಮುಂದಿನ ತಿಂಗಳು ರಜೆ ಹಾಕಿ ಅಣ್ಣನ ಊರಿಗೆ ಹೊರಟಳು. ಅಣ್ಣ ಕುರ್ಚಿಯಲ್ಲಿದ್ದ, ತುಂಬಾ ಸಣ್ಣಗಾಗಿದ್ದ. ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತಳು. ಅವನು ಅವಳ ತಲೆ ನೋಡಿ, "ನಿನಗೂ ಬೆಳ್ಳಗಾಯ್ತಲ್ಲೇ," ಎಂದ. ಅಷ್ಟೇ. ಮಧ್ಯಾಹ್ನವೆಲ್ಲ ಅವನು ಟೀವಿ ನೋಡಿದ, ಅವಳು ಅವನನ್ನು ನೋಡಿದಳು. ನಡೆಯೋಣ ಬಾ ಎಂದು ಎರಡು ಸಲ ಕರೆದಳು. ತಲೆ ಅಲ್ಲಾಡಿಸಿದ.

ಬಿಸಿಲು ಇಳಿದ ಮೇಲೆ ಅತ್ತಿಗೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಳು. ಇಬ್ಬರೂ ಹೊರಟರು. ಅಂಚೆ ಕಚೇರಿಯ ಗೋಡೆ, ಮುಚ್ಚಿದ ಪೆಟ್ರೋಲ್ ಬಂಕು, ಶಾಲೆಯ ಮೈದಾನ. ಅತ್ತಿಗೆಯದು ಪುಟ್ಟ ಹೆಜ್ಜೆ, ಆದರೆ ವಿಪರೀತ ಬಿರುಸು.

"ಅತ್ತಿಗೆ, ಸ್ವಲ್ಪ ನಿಧಾನ," ಎಂದಳು ಗುಬ್ಬಿ, ಏದುಸಿರು ಬಿಡುತ್ತಾ.

ಅತ್ತಿಗೆ ನಿಂತು ಕಾದಳು. ಆಮೇಲೆ ಇಬ್ಬರೂ ಹೆಜ್ಜೆ ಸರಿಹೊಂದಿಸಿಕೊಂಡು ಮೈದಾನದ ಇನ್ನೊಂದು ತುದಿಯವರೆಗೂ ಹೋದರು.