ಗೋಡೆಯಾಚೆಯ ಕೈ

ಅಕ್ಕ, ತಂಗಿ ಇಬ್ಬರದೇ ಮನೆ. ಅಕ್ಕ ಶಾಲೆಯ ಆಫೀಸಿನಲ್ಲಿ ಮೂವತ್ತು ವರ್ಷ ಹಾಜರಿ ಪುಸ್ತಕ ನೋಡಿಕೊಂಡವಳು; ಯಾರ ಮಾತನ್ನೂ ಒಂದೇ ಸಲಕ್ಕೆ ನಂಬುವವಳಲ್ಲ. ಹಕ್ಕಿಗಳಿಗೆ ಕಾಳಿಡುವ ಪಾತ್ರೆ ತರಲು ಹೋದಾಗಲೂ ಅಷ್ಟೆ. ಅಂಗಡಿಯವನು ಉದ್ದನೆಯ ಕೊಳವೆಯಂಥದ್ದನ್ನು ತೋರಿಸಿ, ನಾಲ್ಕು ಹೆಜ್ಜೆಯ ತೋಟಕ್ಕೆ ಇದೇ ಸರಿ, ಒಳಗಿನ ಕಾಳು ನೆನೆಯುವುದಿಲ್ಲ ಎಂದ. ತಂಗಿ ತಲೆಯಾಡಿಸಿದಳು. ಯಾರೂ ಕೊಳ್ಳದ ಸರಕನ್ನು ನಮ್ಮ ತಲೆಗೆ ಕಟ್ಟುತ್ತಿದ್ದಾನೆ ಎಂದುಕೊಂಡ ಅಕ್ಕ, ಅಗಲವಾದ ತಗಡಿನ ತಟ್ಟೆಯನ್ನೇ ತಂದು ಗೋಡೆಯ ಪಕ್ಕದ ಕಂಬಕ್ಕೆ ಕೂರಿಸಿದಳು.

ವಾರದೊಳಗೆ ಗುಬ್ಬಿಗಳು ಬಂದವು. ಮಳೆ ಶುರುವಾದ ಮೇಲೆ ಮಾತ್ರ ಏನೋ ಎಡವಟ್ಟಾಯಿತು. ಅಕ್ಕ ಹಳೆಯದರ ಮೇಲೆಯೇ ಹೊಸ ಕಾಳು ಸುರಿದು ತುಂಬಿಸುತ್ತಿದ್ದ ತಟ್ಟೆ, ವಾರದ ಅಂತರದಲ್ಲಿ ಎರಡು ಸಲ, ಒರೆಸಿಟ್ಟ ಹಾಗೆ ಖಾಲಿಯಾಯಿತು. ಹಕ್ಕಿ ತಿಂದಿದ್ದರೆ ಸಿಪ್ಪೆ ಬಿಡಬೇಡವೇ? ಅವಳ ಅನುಮಾನ ಪಕ್ಕದ ಮನೆಯ ಬಡಗಿಯ ಮೇಲೆ ಹೋಯಿತು. ಗೋಡೆ ಕಟ್ಟುವಾಗ ಗೇಣು ಜಾಗಕ್ಕೆ ಜಗಳವಾಗಿ, ಎರಡು ಮನೆಗಳ ನಡುವೆ ಮಾತು ನಿಂತು ಆರು ವರ್ಷವಾಗಿತ್ತು.

ದಿನವೂ ಅಡುಗೆಮನೆಯ ಪರದೆಯ ಹಿಂದೆ ಕಾದಳು. ಐದನೆಯ ದಿನ ಗೋಡೆಯಾಚೆಯಿಂದ ಒಂದು ಕೈ ಬಂತು. ಕಾಳನ್ನೆಲ್ಲ ಗೋರಿಕೊಂಡು, ಬಟ್ಟೆಯಿಂದ ತಟ್ಟೆ ಒರೆಸತೊಡಗಿತು. ಅಕ್ಕ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು.

"ಹಕ್ಕಿ ತುತ್ತಿಗೂ ಕೈ ಹಾಕ್ತೀರಲ್ಲ, ನಾಚಿಕೆ ಆಗಲ್ವಾ?"

ಬಡಗಿ ಮುಷ್ಟಿ ಬಿಚ್ಚಿ ತೋರಿಸಿದ. "ಮೂಸಿ ನೋಡಿ ಅಮ್ಮ, ಬೂಸ್ಟು ಹಿಡಿದಿದೆ. ತಟ್ಟೇಲಿ ನೀರು ನಿಂತ್ಕೊಳ್ಳುತ್ತೆ. ನಮ್ಮ ಅಂಗಳದಲ್ಲಿ ಎರಡು ಗುಬ್ಬಿ ಸತ್ತು ಬಿದ್ದಿದ್ವು."

"ಹೇಳೋಕೇನಾಗಿತ್ತು?"

"ನಾನು ಹೇಳಿದ್ರೆ ನೀವು ನಂಬ್ತಿದ್ರಾ?"

ಅಕ್ಕ ಆಗಲೂ ನಂಬಲಿಲ್ಲ. ಇವನೇ ವಿಷ ಹಾಕಿ ಕಥೆ ಕಟ್ಟುತ್ತಿರಬಹುದು ಎಂದು, ಆ ಕಾಳನ್ನು ಕಾಗದದಲ್ಲಿ ಸುತ್ತಿಕೊಂಡು ಪ್ರಾಣಿಗಳ ವೈದ್ಯೆಯ ಬಳಿ ಹೋದಳು. ಆಕೆ ಮೂಸಿದವಳೇ ಮುಖ ಹಿಂದೆಳೆದಳು. ವಿಷ ಬೇರೆ ಏಕೆ ಬೇಕು, ಈ ಬೂಸ್ಟೇ ಸಾಕು ಎಂದಳು. ಅಕ್ಕ ಕಾಗದವನ್ನು ಮತ್ತೆ ಮಡಚಿಕೊಂಡು ಮನೆಯ ದಾರಿ ಹಿಡಿದಳು. ಆ ಎರಡು ಗುಬ್ಬಿಗಳಿಗೆ ತಾನೇ ಕೈಯಾರೆ ಬಡಿಸಿದ್ದಳಲ್ಲ.

ಮರುದಿನ ತಂಗಿ, ಕೊಳವೆಯನ್ನೇ ತರೋಣವೇ ಎಂದು ಮೆಲ್ಲಗೆ ಕೇಳಿದಳು. ಅಕ್ಕ ತಟ್ಟೆಯನ್ನು ಕಂಬದಿಂದ ಬಿಚ್ಚಿಕೊಂಡು ಹೋಗಿ ಬಡಗಿಯ ಬಾಗಿಲು ತಟ್ಟಿದಳು. ಅವನು ಅದನ್ನು ಕೈಗೆ ತೆಗೆದುಕೊಂಡ. ಮೊಳೆಯಿಟ್ಟು ತಟ್ಟೆಯ ತಳಕ್ಕೆ ಹತ್ತು ತೂತು ಹೊಡೆದುಕೊಟ್ಟ. ಅಕ್ಕ ಅವನಿಂದಲೇ ಒಂದು ಚೊಂಬು ನೀರು ತರಿಸಿ ಅಲ್ಲಿಯೇ ಸುರಿದು ನೋಡಿದಳು. ಹನಿಯೂ ನಿಲ್ಲಲಿಲ್ಲ. ಆದರೂ ಸಮಾಧಾನವಾಗದೆ ಖಾಲಿ ಚೊಂಬನ್ನು ಮತ್ತೆ ಅವನ ಮುಂದೆ ಹಿಡಿದಳು. ಬಡಗಿ ನಗು ತಡೆದುಕೊಂಡು ಇನ್ನೊಂದು ಸಲ ನೀರು ತುಂಬಿಸಿ ತಂದ.