ಆರು ಮಂದಿ ಎಡಚಿಯರು

ಅಪ್ಪನ ಕೆಮ್ಮು ಪರದೆಯ ಆಚೆಯಿಂದ ಬಂತು, ಆಚೆಯಿಂದ — ನಾನು ಕಂಡ ಮೂವತ್ತು ವರ್ಷ ಆ ಕೆಮ್ಮು ಈಚೆಯದಾಗಿತ್ತು, ತೊಗಲುಗೊಂಬೆ ಆಡಿಸುವ ನನ್ನಪ್ಪ ಗಿಡ್ಡಪ್ಪ ಎರಡು ಪದಗಳ ನಡುವೆ ಗಂಟಲು ಸರಿಪಡಿಸಿಕೊಳ್ಳುವಾಗ ನನ್ನ ಭುಜಕ್ಕೇ ತಾಗುತ್ತಿತ್ತು, ಇವತ್ತು ಅದು ಪ್ರೇಕ್ಷಕರ ಕೆಮ್ಮು, ಚಾಪೆಯ ಮೇಲೆ ಕಾಲು ಚಾಚಿ ಕುಳಿತು ಮಗಳು ಏನು ಆಡಿಸುತ್ತಾಳೋ ನೋಡೋಣ ಎನ್ನುವ ಕೆಮ್ಮು, ನಗು ಬರುತ್ತಿದೆ, ನಗಬಾರದು ಸುರೇಖಾ, ಬಾಯಿಯ ಮುಂದೆ ಮೈಕಿದೆ. ಆನೆಗೊಂದಿಯ ಬಾಳೆನಾರಿನ ಶೆಡ್ಡಿನ ಕಿಟಕಿಗಳಿಗೆಲ್ಲ ಗೋಣಿತಾಟು ಕಟ್ಟಿ ಮಟಮಟ ಮಧ್ಯಾಹ್ನವನ್ನು ಕತ್ತಲೆ ಮಾಡಿದ್ದೇವೆ, ನಡುವೆ ಬಿಳಿಯ ಧೋತರ, ಆಚೆ ನಾರು ಹೊಸೆಯುವ ನಲವತ್ತು ಹೆಂಗಸರು, ಈಚೆ ನಾನು, ಬಾಡಿಗೆಯ ಪ್ರೊಜೆಕ್ಟರು, ನಾನೇ ಕನ್ನಡಕ್ಕೆ ತಂದ ಕವಿತೆಯ ಹಾಳೆ, ಧೋತರದ ಮೇಲೆ ಆಫ್ರಿಕಾದ ಜಂಜಿಬಾರದ ಕಡಲು — ಕಡಲಿಗೆ ಮುಖಮಾಡಿ ಮರಳಿನಲ್ಲಿ ಕುಳಿತ ಆರು ಹೆಂಗಸರು, ಬೆನ್ನ ಹಿಂದಿನಿಂದ, ಭುಜದ ಮೇಲಿನಿಂದ ಹಿಡಿದ ಚಿತ್ರ, ತೊಡೆಯ ಮೇಲೆ ತೆಂಗಿನ ನಾರು ಉರುಳುತ್ತದೆ, ಹಗ್ಗವಾಗುತ್ತದೆ, ಹನ್ನೊಂದು ನಿಮಿಷ, ಮುಗಿದೊಡನೆ ಮತ್ತೆ ಮೊದಲಿನಿಂದ. ಮಾಡಿದವಳು ಮ್ವಾಜುಮಾ, ಅಲ್ಲಿಯ ಕಲಾವಿದೆ, ನಡುವೆ ಕುಳಿತಾಕೆ ಅವಳ ತಾಯಿ, ಕೇಳಿಸುತ್ತಿರುವ ಸ್ವಾಹಿಲಿ ಕವಿತೆ ಅವಳದೇ ದನಿಯಲ್ಲಿ, ಸಾಲುಗಳ ನಡುವಿನ ಮೌನದಲ್ಲಿ ನನ್ನ ಕನ್ನಡ. ನಾನಿದನ್ನು ಮೊದಲ ಸಲ ನೋಡಿದ್ದು ಕೊಪ್ಪಳದ ಬಸ್ಸಿನಲ್ಲಿ, ಅಂಗೈಯಗಲದ ಫೋನಿನಲ್ಲಿ, ಗಂಗಾವತಿಯಲ್ಲಿ ಇಳಿಯುವುದನ್ನೇ ಮರೆತಿದ್ದೆ, ಅಕ್ಕಾರ, ಸಿಂಧನೂರಿಗೆ ಟಿಕೀಟ್ ಹರೀಲೇನ್ರಿ, ಅಂದಿದ್ದ ಕಂಡಕ್ಟರು. ಆಮೇಲೆ ಮೂರು ತಿಂಗಳ ಪತ್ರಗಳು, ಕೊನೆಗೆ ಅವಳ ಮಾತು — ಒಂದು ಆಟ ತೋರಿಸು, ಫೋನಿನಲ್ಲಿ ನಾನೂ ನೋಡುತ್ತೇನೆ, ಸರಿಯೆನಿಸಿದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲ ಕಡೆಗೂ ಒಯ್ಯಿ, ಆದರೆ ನನ್ನ ತಾಯಿಯ ಕೈಗಳನ್ನು ಮಾತ್ರ ಒಂದು ಚೂರೂ ಬದಲಿಸಬೇಡ. ಈಗ ಆಚೆ ಹೆಂಗಸರ ಮುಂದಿನ ಸಾಲಿನಲ್ಲಿ ಪಕ್ಕೀರವ್ವ ಎರಡೂ ಕೈಯಲ್ಲಿ ಫೋನು ಎತ್ತಿ ಹಿಡಿದು ಕುಳಿತಿದ್ದಾಳೆ, ದೇವರ ತಟ್ಟೆ ಹಿಡಿದಂತೆ, ಅದರೊಳಗೆ ವಿಡಿಯೋ ಕರೆಯಲ್ಲಿ ಮ್ವಾಜುಮಾ.

ಕಡಲು ಕೊಳೆಸಿದ್ದನ್ನು ಕೈ ಉಳಿಸಿತು — ಓದುತ್ತೇನೆ, ದನಿ ಚೆನ್ನಾಗಿ ಬರುತ್ತಿದೆ, ತೆಂಗಿನ ಸಿಪ್ಪೆಯನ್ನು ಅವರು ತಿಂಗಳುಗಟ್ಟಲೆ ಕಡಲಮರಳಿನಲ್ಲಿ ಹೂಳಿ ಕೊಳೆಸುತ್ತಾರಂತೆ, ಈ ಸಾಲಿಗೆ ಹನ್ನೆರಡು ಹಾಳೆ ಹರಿದಿದ್ದೆ — ಅಷ್ಟರಲ್ಲಿ ಆಚೆಯಿಂದ ಹೊಳಿಯಮ್ಮನ ದನಿ, ಶೆಡ್ಡಿನಲ್ಲಿ ಯಾರ ಹುರಿ ಗಟ್ಟಿ, ಯಾರದು ಪೊಳ್ಳು ಎಂದು ತೀರ್ಪು ಕೊಡುವ ಹೊಳಿಯಮ್ಮ, ಏ ಪಕ್ಕೀರವ್ವ, ಈಕಿ ಎಡಗೈಲೆ ಹೊಸಿಯಾಕತ್ಯಾಳಲ್ಲಬೇ. ಎಡಚಿ ಇರಬೇಕ ಬಿಡಬೇ, ಕೈ ಅಳ್ಳಾಡಸಬ್ಯಾಡ, ಫೋನ ಬೀಳತೈತಿ, ಅಂದಳು ಪಕ್ಕೀರವ್ವ. ಬಾಜೂದಾಕಿ? ಅಕೀ ಬಾಜೂದಾಕಿ? ಆರೂ ಮಂದಿ ಎಡಚ್ಯಾರ ಒಂದ ಊರಾಗ ಹುಟ್ಯಾರೇನ? ನಲವತ್ತು ನಗು ಒಟ್ಟಿಗೆ ಎದ್ದಿತು, ಹಾಳೆಯಿಂದ ತಲೆಯೆತ್ತಿ ಪರದೆ ನೋಡಿದೆ — ನಾನು ಈಚೆಯಿಂದ ನೋಡುತ್ತಿದ್ದೇನೆ, ನನಗೆ ಬಲಗೈ, ಅವರಿಗೆ ಎಡಗೈ, ದೀಪ ಪರದೆಯ ಹಿಂದಿರಬೇಕು, ಆಡಿಸುವವರು ಹಿಂದಿರಬೇಕು, ಹುಟ್ಟಿದಾಗಿನಿಂದ ಕಂಡದ್ದು ಅದೊಂದೇ, ಪ್ರೊಜೆಕ್ಟರನ್ನೂ ಯೋಚಿಸದೆ ಹಿಂದೆಯೇ ಇಟ್ಟೆ, ಆರು ಹೆಂಗಸರನ್ನು ಕನ್ನಡಿಯೊಳಗೆ ಕೂಡಿಸಿಬಿಟ್ಟೆ. ಅಪ್ಪ ಗಟ್ಟಿಯಾಗಿ ಹೇಳುತ್ತಿದ್ದಾನೆ, ನಲವತ್ತ ವರ್ಷ ಆಡಿಸೀನಿ, ಗೊಂಬಿದು ಎಡಗೈಯೋ ಬಲಗೈಯೋ ಅಂತ ಒಬ್ಬ ಮಗಾನೂ ಕೇಳಿಲ್ಲ, ನಿಮ್ಮ ಕಣ್ಣ ಭಾಳ ಚುರುಕ ಅದಾವ ಬಿಡ್ರಬೇ.

ಸುಮ್ಮನಿದ್ದುಬಿಡಲೇ, ಫೋನಿನ ಪರದೆ ಸಣ್ಣದು, ಸಿಗ್ನಲ್ಲು ಬಂದು ಹೋಗಿ ಮಾಡುತ್ತಿದೆ, ಮ್ವಾಜುಮಾಳಿಗೆ ಕಾಣದೆಯೂ ಇರಬಹುದು, ಇನ್ನು ಐದು ನಿಮಿಷ ಓದಿ ಮುಗಿಸಿದರೆ ನಾಲ್ಕೂ ಊರು ನನ್ನವು — ಆದರೆ ಆ ಕೈಗಳು, ಅವಳು ಕೇಳಿದ್ದು ಅವೊಂದನ್ನೇ. ಬೆರಳು ತಾನಾಗಿ ಗುಂಡಿ ಒತ್ತಿತು, ಕಡಲು ನಿಂತಿತು. ಪರದೆಯ ಹಿಂದಿನಿಂದಲೇ ಇಂಗ್ಲಿಷಿನಲ್ಲಿ ಕೂಗಿ ಹೇಳಿದೆ, ಮ್ವಾಜುಮಾ, ತಪ್ಪು ನನ್ನದು, ನಿನ್ನ ತಾಯಿಯ ಕೈಗಳು ತಿರುವುಮುರುವಾಗಿವೆ, ಕಂಡುಹಿಡಿದವರು ಇವರು. ಮಾರಿ ಕಾಣವಲ್ದು, ಫೋನ್ಯಾಗ ಬರೇ ಚಕ್ರ ತಿರಗತೈತಿ, ಅನ್ನುತ್ತಾಳೆ ಪಕ್ಕೀರವ್ವ, ಹೊಳಿಯಮ್ಮ ಏಳುವ ಸದ್ದು, ಯಾಕ ಅಳೋ ದನಿ ತಗದಿ ತಂಗಿ, ನೀ ಕುಂತ ಕಡೀಂದ ಬರೋಬರಿ ಕಾಣತೈತಿಲ್ಲ? ಕಾಣತೈತಿ ಅಕ್ಕ. ಹಂಗಾರ ನಾವ ಆ ಕಡಿ ಬರ್ತೀವಿ. ಎಲ್ಲರೂ ಅಪ್ಪನ ಮುಖ ನೋಡುತ್ತಿರಬೇಕು, ಆಟ ನಡೆದಿರುವಾಗ ಹೊರಗಿನವರ ಕಾಲು ಪರದೆ ದಾಟಬಾರದು, ಹಾಗೆ ದಾಟಲು ಬಂದ ಗೌಡನೊಬ್ಬನನ್ನು ಅಪ್ಪ ದೀಪ ಆರಿಸಿ ವಾಪಸು ಕಳಿಸಿದ್ದು ಊರೆಲ್ಲ ಬಲ್ಲ ಕಥೆ — ನನ್ನ ಮಾರಿ ಏನ ನೋಡ್ತೀರಿ, ಚಾಪಿ ಎತ್ಕೊಂಡ ನಡ್ರಿ, ಅಂದ ಅಪ್ಪ, ಧೋತರದ ಅಂಚು ಎತ್ತಿ ಎಲ್ಲರಿಗಿಂತ ಮುಂಚೆ ತಾನೇ ತಲೆ ತೂರಿಸಿದ, ಅವನ ಹಿಂದೆ ಬಳೆಗಳು, ಸೆರಗುಗಳು, ಹಸಿನಾರಿನ ವಾಸನೆ, ಸರೀಬೇ, ಕಾಲ ತುಳದಿ ನೋಡ, ನಲವತ್ತು ಹೆಂಗಸರು ನನ್ನ ಮೊಳಕಾಲಿಗೆ ತಮ್ಮ ಮೊಳಕಾಲು ಹಚ್ಚಿ ಕುಳಿತರು, ಇಷ್ಟು ಹತ್ತಿರ ಯಾರ ಮುಂದೆಯೂ ನಾನು ಬಾಯಿ ತೆರೆದವಳಲ್ಲ, ತೆರೆದೆ, ಮೈಕು ಬೇಕಾಗಲಿಲ್ಲ, ಆರು ಬೆನ್ನುಗಳ ಹಿಂದೆ ಈಗ ನಲವತ್ತು ಮಂದಿಯ ಇನ್ನೊಂದು ಸಾಲು. ಬಂದ್ಲಬೇ, ಬಂದ್ಲು, ಪಕ್ಕೀರವ್ವ ಫೋನು ಎತ್ತಿ ಹಿಡಿದಳು, ಹೊಳಿಯಮ್ಮ ಅದರೊಳಕ್ಕೇ ಬಾಗಿ, ಏ ಮಗಳ, ನಿಮ್ಮವ್ವನ ಹುರಿ ಛಲೋ ಐತಿ, ಖರೆ ತುದಿ ಸಡಲ ಬಿಡ್ತಾಳ, ಹೇಳ ಆಕಿಗೆ. ಅಯ್ಯೋ ಅಕ್ಕ, ಇದನ್ನು ಹೇಗೆ ಹೇಳಲಿ, ಹೇಳಿದೆ, ಸಾವಿರ ಹರದಾರಿಯಾಚೆಯಿಂದ ನಗು, ಫೋನು ನಡುಗುವಷ್ಟು ನಗು — ನನ್ನ ಅಜ್ಜಿಯೂ ಸಾಯುವತನಕ ಅದನ್ನೇ ಹೇಳಿ ನನ್ನ ತಾಯಿಗೆ ಬೈದಳು, ನಾಲ್ಕೂ ಊರಿಗೆ ಒಯ್ಯಿ ಸುರೇಖಾ, ಆದರೆ ಆ ಹೆಂಗಸನ್ನೂ ಜೊತೆಗೆ ಕರೆದುಕೊಂಡು ಹೋಗು. ಏನಂತಾಳಬೇ, ಏನಂತಾಳ? ನಿನ್ನ ಯಲಬುರ್ಗಾಕ್ಕ ಕರಕೊಂಡ ಹೋಗಬೇಕಂತ ಅಕ್ಕ. ಬಸ್ಸಿನ್ಯಾಗ ಕಿಡಕಿ ಸೀಟ ಕೊಡಸು, ಬರ್ತೀನಿ. ಕವಿತೆ ಮತ್ತೆ ಮೊದಲಿನಿಂದ, ಕಡಲು ಮತ್ತೆ ಮೊದಲಿನಿಂದ, ಸುಮ್ಮನೆ ಕುಳಿತು ಅಭ್ಯಾಸವಿಲ್ಲದ ಹೊಳಿಯಮ್ಮ ಉಡಿಯಿಂದ ನಾರು ತೆಗೆದು ಬೆಳಕಿಗೆ ಅಡ್ಡ ಹಿಡಿದಳು, ಮ್ವಾಜುಮಾಳ ತಾಯಿಯ ಬಲಗೈಯ ಮೇಲೆ ಹೊಳಿಯಮ್ಮನ ಬಲಗೈಯ ನೆರಳು, ಕಪ್ಪಗೆ, ಧೋತರದಷ್ಟು ದೊಡ್ಡದಾಗಿ, ಒಂದೇ ತಿರುವು, ಅಡ್ಡ ಬರಬ್ಯಾಡಬೇ ಎಂದು ಯಾರೂ ಅನ್ನಲಿಲ್ಲ, ನಾನು ಓದಬೇಕು, ಹಾಳೆ ಕೈಯಲ್ಲಿದೆ, ಬಾಯಿಗೆ ಬರುವುದು ಹಾಳೆಯಲ್ಲಿಲ್ಲದ ಸಾಲು, ಕೈಯ ಮೇಲೆ ಕೈಯ ನೆರಳು, ಮುಂದಿನ ಸಾಲು — ಮುಂದಿನ ಸಾಲು ಏನಿತ್ತು — ಕೈಯ ಮೇಲೆ ಕೈಯ ನೆರಳು, ಉರುಳುತ್ತಿದೆ, ಕೈಯ ಮೇಲೆ ಕೈಯ ನೆರಳು